ಪೀಠದ ಕೆಳಗಿನ ಸುತ್ತೋಲೆ

ಆಳಂದ ತಾಲ್ಲೂಕಿನಲ್ಲಿ ಹುಟ್ಟುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಭೀಮೆ ಜೇವರ್ಗಿ ತಾಲ್ಲೂಕಿನ ಕಟ್ಟಿಸಂಗಾವಿಯ ಸೇತುವೆ ದಾಟಿ, ಹೊನಗುಂಟದ ಬಳಿ ಕಾಗಿಣೆಯನ್ನೂ ಕೂಡಿಸಿಕೊಂಡು ಕೆಳಗಿಳಿಯುತ್ತಾಳೆ. ಹೀಗೆ ಮೂರು ನದಿಗಳ ನೀರು ಒಟ್ಟಾಗಿ ಹಾದುಹೋಗುವ ದಡದ ಮೇಲೆ, ಚಿತ್ತಾಪುರ ತಾಲ್ಲೂಕಿನ ಸನ್ನತಿ ಇದೆ. ಕರ್ನಾಟಕ, ಮಹಾರಾಷ್ಟ್ರಗಳ ಎಷ್ಟೋ ಮನೆತನಗಳಿಗೆ ಅದು ಚಂದ್ರಲಾಂಬೆಯ ಊರು, ಕುಲದೇವತೆಯ ಊರು. 1986ರವರೆಗೆ ಹೊರಗಿನ ಜನ ಅದನ್ನು ಬಹುಮಟ್ಟಿಗೆ ಹಾಗೆಯೇ ಬಲ್ಲವರಾಗಿದ್ದರು.

ಆ ವರ್ಷ ಚಂದ್ರಲಾಂಬೆಯ ಆವರಣದಲ್ಲಿದ್ದ ಕಾಳಿಗುಡಿಯ ಚಾವಣಿ ಕುಸಿಯಿತು. ಕಲ್ಲು ಬಿದ್ದ ಹೊಡೆತಕ್ಕೆ ಮೂರ್ತಿ ಭಗ್ನವಾಯಿತು. ಅವಶೇಷ ಸರಿಸಿ ನೋಡಿದಾಗ, ಮೂರ್ತಿಯನ್ನು ನಿಲ್ಲಿಸಲು ಪೀಠವಾಗಿ ಹಾಸಿದ್ದ ಚಪ್ಪಡಿಯ ಮೇಲೆ ಅಕ್ಷರಗಳಿದ್ದವು. ದೇವನಾಗರಿಯಲ್ಲ, ಹಳಗನ್ನಡವೂ ಅಲ್ಲ. ಬ್ರಾಹ್ಮಿ. ಭಾಷೆ ಪ್ರಾಕೃತ. ಚಪ್ಪಡಿಯ ಎರಡೂ ಮಗ್ಗುಲಲ್ಲಿ ಬರಹವಿತ್ತು. ಎಂದೋ ಯಾರೋ ಮೂರ್ತಿಯ ಬುಡ ಕೂರಿಸಲೆಂದು ಅದರ ನಡುವೆ ಚೌಕಾಕಾರದ ಕುಳಿ ಕೊರೆದಿದ್ದರು. ಆ ಕುಳಿಯಲ್ಲಿ ಎಷ್ಟೋ ಸಾಲುಗಳ ನಡುಭಾಗವೇ ಹೋಗಿಬಿಟ್ಟಿದೆ. ಉಳಿದದ್ದನ್ನು ಓದಿದವರಿಗೆ ಅದು ಅಶೋಕನ ಆಜ್ಞೆ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಸನ್ನತಿಯಲ್ಲಿ ಪುರಾತನವಾದದ್ದೇನೋ ಇದೆ ಎಂಬುದು ವಿದ್ವಾಂಸರಿಗೆ ಹೊಸದೇನಲ್ಲ. ಕಪಟರಾಳ ಕೃಷ್ಣರಾಯರು 1954ರಲ್ಲೇ ಈ ನೆಲೆಯತ್ತ ಬೊಟ್ಟು ಮಾಡಿದ್ದರು. ಆಮೇಲೆ ಬಂದವರು ಬೌದ್ಧ ಸ್ತೂಪಗಳ ದಿಬ್ಬಗಳನ್ನು, ಶಾತವಾಹನರ ಕಾಲದ ಶಿಲ್ಪಗಳನ್ನು, ದಾನಿಗಳ ಹೆಸರು ಹೊತ್ತ ಚಿಕ್ಕ ಚಿಕ್ಕ ಶಾಸನಗಳನ್ನು ಕಂಡರು. ಆದರೆ ಮೌರ್ಯರ ಆಜ್ಞೆ ಇಲ್ಲಿ ಸಿಕ್ಕೀತೆಂದು ನಿರೀಕ್ಷಿಸಿದವರು ವಿರಳ. ಕರ್ನಾಟಕದಲ್ಲಿ ಅಲ್ಲಿಯವರೆಗೆ ಸಿಕ್ಕಿದ್ದೆಲ್ಲ ಅಶೋಕನ ಕಿರು ಶಾಸನಗಳು. 1892ರಲ್ಲಿ ಬಿ. ಎಲ್. ರೈಸ್ ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿಯಲ್ಲಿ ಕಂಡದ್ದು ಅಂಥದ್ದು. ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ 1915ರಲ್ಲಿ ಮಸ್ಕಿಯಲ್ಲಿ ಕಂಡದ್ದೂ ಅಂಥದ್ದೇ. ದೇವಾನಾಂಪ್ರಿಯ ಎಂದು ಕರೆದುಕೊಳ್ಳುವ ರಾಜ ಅಶೋಕನೇ ಎಂದು ಕಲ್ಲಿನ ಮೇಲೆಯೇ ಖಚಿತವಾದದ್ದು ಮಸ್ಕಿಯಲ್ಲಿ. ಆದರೆ ಆಡಳಿತದ ವಿವರ ತುಂಬಿದ ಹದಿನಾಲ್ಕು ದೊಡ್ಡ ಶಾಸನಗಳ ಮಾಲಿಕೆ ಕನ್ನಡ ನೆಲದಲ್ಲಿ ಸಿಕ್ಕಿರಲಿಲ್ಲ.

ಸನ್ನತಿಯ ಚಪ್ಪಡಿಯ ಒಂದು ಮಗ್ಗುಲಲ್ಲಿ ಆ ಮಾಲಿಕೆಯ 12 ಮತ್ತು 14ನೆಯ ಶಾಸನಗಳ ಭಾಗಗಳಿದ್ದವು. ಇನ್ನೊಂದು ಮಗ್ಗುಲಲ್ಲಿದ್ದದ್ದು ನಿಜವಾದ ಅಚ್ಚರಿ. ವಿದ್ವಾಂಸರು ‘ಪ್ರತ್ಯೇಕ ಶಾಸನ’ ಎಂದು ಕರೆಯುವ ಎರಡು ಆಜ್ಞೆಗಳು ಅಲ್ಲಿದ್ದವು. ಅವು ಅದುವರೆಗೆ ಸಿಕ್ಕಿದ್ದು ಜಗತ್ತಿನ ಎರಡೇ ಕಡೆ, ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ. ಎರಡೂ ಹಳೆಯ ಕಳಿಂಗದ ನೆಲ. ಅಶೋಕ ಪಟ್ಟಕ್ಕೆ ಬಂದ ಎಂಟನೆಯ ವರ್ಷದ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು ಎಂದು ಅವನೇ 13ನೆಯ ಶಾಸನದಲ್ಲಿ ಹೇಳಿಕೊಂಡ ನೆಲ. ಆ ಪಶ್ಚಾತ್ತಾಪದ ಶಾಸನವನ್ನು ಕಳಿಂಗದಲ್ಲಿ ಮಾತ್ರ ಕೆತ್ತಿಸಲಿಲ್ಲ. ಅದರ ಬದಲು ಈ ಎರಡು ಪ್ರತ್ಯೇಕ ಆಜ್ಞೆಗಳನ್ನು ಕೆತ್ತಿಸಿದ. ಹಾಗಾಗಿ ಸುಮಾರು ನೂರೈವತ್ತು ವರ್ಷ ಓದುಗರೆಲ್ಲ ನಂಬಿದ್ದು ಇಷ್ಟು: ಇವು ನೊಂದ ಕಳಿಂಗಕ್ಕೆಂದೇ ಬರೆದ ವಿಶೇಷ ಮಾತುಗಳು, ಸೋತ ಜನರನ್ನು ಸಮಾಧಾನಪಡಿಸುವ ಮಾತುಗಳು.

ಭೀಮಾ ತೀರದ ಕಲ್ಲು ಈ ನಂಬಿಕೆಯನ್ನು ಅಲುಗಿಸಿತು. ಕಳಿಂಗದಿಂದ ನೂರಾರು ಹರದಾರಿ ದೂರದ, ತೊಗರಿ ಜೋಳದ ಈ ಸೀಮೆಗೂ ಅದೇ ಆಜ್ಞೆ ಬಂದಿತ್ತು. ಈ ಪ್ರದೇಶವೂ ಮೌರ್ಯರಿಗೆ ಹೊಸದಾಗಿ ಒಳಪಟ್ಟಿರಬಹುದು, ಹಾಗಾಗಿ ಇಲ್ಲಿಯೂ ಅದೇ ಎಚ್ಚರಿಕೆ ಬೇಕಾಯಿತು ಎಂಬ ವಾದವಿದೆ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಇನ್ನೊಂದು ಓದು. ಒಂದು ಕಡೆಗೆಂದು ಬರೆದ ಕಾಗದ ಎಲ್ಲ ಕಡೆಗೂ ಬೇಕಾದದ್ದು ಎಂದು ಪಾಟಲಿಪುತ್ರಕ್ಕೆ ಅನ್ನಿಸಿತು, ಅದನ್ನು ಸುತ್ತೋಲೆಯಾಗಿ ಕಳಿಸಿದರು. ಏಕೆಂದರೆ ಆ ಆಜ್ಞೆಯನ್ನು ಪೂರ್ತಿಯಾಗಿ ಓದಿದರೆ, ಅದು ಸೋತ ಪ್ರಜೆಗಳಿಗಿಂತ ಮೊದಲು ಕಚೇರಿಯಲ್ಲಿ ಕೂತವರನ್ನು ಉದ್ದೇಶಿಸಿ ಮಾತನಾಡುತ್ತದೆ.

ಸನ್ನತಿಯ ಪಾಠ ಚೂರುಚೂರು. ಐ. ಕೆ. ಶರ್ಮ ಮತ್ತು ಜೆ. ವರಪ್ರಸಾದ ರಾವ್ ಅದನ್ನು 1993ರ ಪುಸ್ತಕದಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲೇ, 1991ರಲ್ಲಿ, ಪ್ರಾಕೃತದ ದೊಡ್ಡ ವಿದ್ವಾಂಸ ಕೆ. ಆರ್. ನಾರ್ಮನ್ ಅದರ ಮೇಲೆ ಬರೆದಿದ್ದರು. ಕುಳಿಯಲ್ಲಿ ಕಳೆದುಹೋದ ಭಾಗವನ್ನು ಧೌಲಿ, ಜೌಗಡದ ಪಾಠದಿಂದ ತುಂಬಿಕೊಂಡು ಓದಬೇಕು. ಹಾಗೆ ಓದಿದಾಗ ಸಿಗುವ ಮಾತುಗಳಿವು.

ನನ್ನ ಮಕ್ಕಳಿಗೆ ಇಹಪರದ ಸುಖ ಬಯಸುವ ಹಾಗೆಯೇ ಎಲ್ಲ ಮನುಷ್ಯರಿಗೂ ಬಯಸುತ್ತೇನೆ ಎಂದು ರಾಜ ಮೊದಲು ಹೇಳುತ್ತಾನೆ. ಇದು ಯಾವ ರಾಜನೂ ಹೇಳಬಹುದಾದ ಮಾತು. ಮುಂದಿನ ಮಾತು ಹಾಗಲ್ಲ. ನನ್ನ ಈ ಇಂಗಿತ ಎಷ್ಟು ದೂರ ಹೋಗುತ್ತದೆ ಎಂಬುದು ನಿಮಗೆ ತಿಳಿದಿಲ್ಲ ಎಂದು ಅವನು ತನ್ನ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ, ನೇರವಾಗಿ ಹೇಳುತ್ತಾನೆ. ನಿಮ್ಮಲ್ಲಿ ಒಬ್ಬನಿಗೆ ಅರ್ಥವಾಗಿರಬಹುದು, ಅವನಿಗೂ ಅರ್ಧಂಬರ್ಧ. ನೀವು ಒಳ್ಳೆಯ ವ್ಯವಸ್ಥೆಯಲ್ಲಿಯೇ ಇರಬಹುದು, ಆದರೂ ಒಬ್ಬ ಮನುಷ್ಯ ಕಾರಣವಿಲ್ಲದೆ ಸೆರೆಗೆ ಬೀಳುತ್ತಾನೆ, ಹಿಂಸೆಗೊಳಗಾಗುತ್ತಾನೆ, ಅವನಿಂದಾಗಿ ಇನ್ನೂ ಹಲವರು ನರಳುತ್ತಾರೆ. ಇದನ್ನು ನೀವು ತಡೆಯಬೇಕು, ಯಾರ ಕಡೆಗೂ ವಾಲದೆ ನಡೆದುಕೊಳ್ಳಬೇಕು.

ಮುಂದೆ ಬರುವ ಭಾಗಕ್ಕಾಗಿಯೇ ಈ ಲೇಖನ ಬರೆಯುತ್ತಿದ್ದೇನೆ. ಸಮಭಾವದಿಂದ ನಡೆಯುವುದು ಯಾವುದರಿಂದ ತಪ್ಪುತ್ತದೆ ಎಂದು ಅವನು ಪಟ್ಟಿ ಕೊಡುತ್ತಾನೆ: ಅಸೂಯೆ, ಸಿಡುಕು, ಕಠೋರತನ, ಆತುರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ದಣಿವು. ಏಳು. ಇವೆಲ್ಲಕ್ಕೂ ಬೇರು ಸಿಟ್ಟು ಮತ್ತು ಆತುರ, ಅವೆರಡನ್ನು ಬಿಟ್ಟರೆ ಉಳಿದದ್ದು ಸರಿಹೋಗುತ್ತದೆ ಎನ್ನುತ್ತಾನೆ. ದಣಿದವನು ಏಳುವುದೇ ಇಲ್ಲ, ಆದರೆ ಏಳಬೇಕು, ನಡೆಯಬೇಕು, ಮುಂದಕ್ಕೆ ಹೋಗಬೇಕು ಎಂದು ಸೇರಿಸುತ್ತಾನೆ.

ಈ ಪಟ್ಟಿಯಲ್ಲಿ ಲಂಚವಿಲ್ಲ. ದ್ರೋಹವಿಲ್ಲ. ಅವನ್ನು ಹಿಡಿಯಲು ಬೇರೆ ದಾರಿಗಳಿದ್ದವು. ಒಳ್ಳೆಯವನೇ ಆದ ಅಧಿಕಾರಿ ಸಾಯಂಕಾಲದ ಹೊತ್ತಿಗೆ ಅನ್ಯಾಯ ಮಾಡಿಬಿಡುವುದು ಹೇಗೆ ಎಂಬುದು ಇಲ್ಲಿನ ವಿಷಯ. ಅಫಜಲಪುರ, ಆಳಂದದ ಕಡೆ ಕಬ್ಬಿನ ಹಂಗಾಮು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಕಾರ್ಖಾನೆಯ ಗೇಟಿನಿಂದ ರಸ್ತೆಯುದ್ದಕ್ಕೂ ಟ್ರ್ಯಾಕ್ಟರುಗಳ ಸಾಲು ನಿಂತಿರುತ್ತದೆ. ನಡುರಾತ್ರಿ ದಾಟಿದೆ, ಕಬ್ಬು ಒಣಗಿದಷ್ಟೂ ತೂಕ ಕಡಿಮೆ, ರೈತ ಎರಡು ದಿನದಿಂದ ಮನೆಗೆ ಹೋಗಿಲ್ಲ. ತೂಕದ ಕಾಟಾದ ಮೇಲೆ ಕೂತವನೂ ಅದೇ ಹೊತ್ತಿನಿಂದ ಕೂತಿದ್ದಾನೆ. ರೈತ ಚೀಟಿಯನ್ನು ಇನ್ನೊಮ್ಮೆ ನೋಡಿ ಎನ್ನುತ್ತಾನೆ. ಆ ಹೊತ್ತಿನಲ್ಲಿ ಕಾಟಾದವನ ಬಾಯಿಂದ ಬರುವ ಮಾತು ಯಾವುದು? ಪ್ರಾಮಾಣಿಕತೆ ನಮ್ಮ ಮೌಲ್ಯ ಎಂದು ಆಡಳಿತ ಕಚೇರಿಯ ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಿದ್ದು ಕಾಟಾದ ಕಿಟಕಿಯವರೆಗೆ ಬಂದು ಮುಟ್ಟಿದೆಯೋ ಇಲ್ಲವೋ ಎಂಬುದು ಗೊತ್ತಾಗುವುದು ಆಗಲೇ. ಅವನು ಕೆಟ್ಟವನಾಗಿರಬೇಕಿಲ್ಲ. ದಣಿದಿದ್ದರೆ ಸಾಕು, ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಿದ್ದರೆ ಸಾಕು.

ಇಂದು ಸಂಸ್ಥೆಗಳ ಮುಖ್ಯಸ್ಥರು ತಮ್ಮ ಮೌಲ್ಯಗಳನ್ನು ಬರೆಯುವಾಗ ಗುಣಗಳ ಹೆಸರು ಬರೆಯುತ್ತಾರೆ: ನಿಷ್ಠೆ, ಪಾರದರ್ಶಕತೆ, ಗ್ರಾಹಕರ ಗೌರವ. ಅಶೋಕ ಆ ಗುಣ ಮುರಿದುಬೀಳುವ ಜಾಗಗಳ ಹೆಸರನ್ನೂ ಬರೆದ. ನನ್ನ ದೃಷ್ಟಿಯಲ್ಲಿ ಸನ್ನತಿಯ ಕಲ್ಲಿನಲ್ಲಿರುವ ದೊಡ್ಡ ಶೋಧ ಇದು. ದಣಿವನ್ನು ನೈತಿಕ ಸಮಸ್ಯೆಯೆಂದು ಒಪ್ಪಿಕೊಂಡ ಮುಖ್ಯಸ್ಥ ಪಾಳಿಯ ಅವಧಿ ನೋಡುತ್ತಾನೆ, ಕಾಟಾಕ್ಕೆ ಇನ್ನೊಬ್ಬನನ್ನು ಕೂರಿಸುತ್ತಾನೆ. ಒಪ್ಪಿಕೊಳ್ಳದವನು ಮತ್ತೊಂದು ತರಬೇತಿ ಶಿಬಿರ ಏರ್ಪಡಿಸುತ್ತಾನೆ.

ಬರೆದು ಕಳಿಸಿದರೆ ಆಗುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಪ್ರತಿ ಪುಷ್ಯ ನಕ್ಷತ್ರದ ದಿನ ಈ ಆಜ್ಞೆಯನ್ನು ಓದಿ ಕೇಳಿಸಬೇಕು. ನಡುವಿನ ದಿನಗಳಲ್ಲೂ ಕೇಳಿಸಬಹುದು. ಕೇಳಲು ಒಬ್ಬನೇ ಒಬ್ಬ ಇದ್ದರೂ ಓದಬೇಕು. ಎರಡನೆಯ ಆಜ್ಞೆಗೆ ನಾಲ್ಕು ತಿಂಗಳಿಗೊಮ್ಮೆ ಪುಷ್ಯದ ದಿನ ಗೊತ್ತುಮಾಡಿದ. ನಕ್ಷತ್ರ ನೋಡಿ ಮಳೆಯ ಹೆಸರು ಹೇಳುವ, ಬಿತ್ತನೆಯ ದಿನ ಎಣಿಸುವ ಈ ಭಾಗದ ಜನಕ್ಕೆ ಅಂಥ ದಿನ ಮರೆಯುವಂಥದ್ದಲ್ಲ. ಓದು ಬಾರದ ಕಾವಲುಗಾರನಿಗೂ ಅಂದು ಏನು ಓದುತ್ತಾರೆಂದು ಗೊತ್ತಿರುತ್ತದೆ. ಮೇಲಿನವನು ಅದಕ್ಕೆ ವಿರುದ್ಧ ನಡೆದರೆ ಅದೂ ಗೊತ್ತಾಗುತ್ತದೆ.

ಆಮೇಲೆ ತಪಾಸಣೆ. ಐದು ವರ್ಷಕ್ಕೊಮ್ಮೆ ಒಬ್ಬ ಅಧಿಕಾರಿಯನ್ನು ಸಂಚಾರಕ್ಕೆ ಕಳಿಸುತ್ತೇನೆ, ಅವನು ಒರಟನಾಗಿರಬಾರದು, ಉಗ್ರನಾಗಿರಬಾರದು, ಮೃದುವಾಗಿ ನಡೆದುಕೊಳ್ಳುವವನಾಗಿರಬೇಕು ಎನ್ನುತ್ತಾನೆ. ಉಜ್ಜಯಿನಿಯ ರಾಜಕುಮಾರನೂ ಹಾಗೆಯೇ ಕಳಿಸಬೇಕು, ಅಲ್ಲಿ ಅವಧಿ ಮೂರು ವರ್ಷ ಮೀರಬಾರದು. ತಕ್ಷಶಿಲೆಯಿಂದಲೂ ಹಾಗೆಯೇ. ತಪಾಸಣೆಗೆ ಹೋಗುವವನ ಸ್ವಭಾವವನ್ನೇ ಆಜ್ಞೆಯಲ್ಲಿ ಬರೆದದ್ದು ಗಮನಿಸಬೇಕು. ಜನರೊಂದಿಗೆ ಮೃದುವಾಗಿರಿ ಎಂದು ಹೇಳಲು ಗದರುವವನನ್ನು ಕಳಿಸಿದರೆ, ಕೆಳಗಿನವರು ಕಲಿಯುವುದು ಅವನ ಗದರಿಕೆಯನ್ನು.

ಈ ಮಾತುಗಳು ಕೆಳಗಿಳಿದ ದಾರಿಯನ್ನು ಕರ್ನಾಟಕದ ಕಲ್ಲುಗಳೇ ತೋರಿಸುತ್ತವೆ. ಬ್ರಹ್ಮಗಿರಿಯ ಶಾಸನ ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರಿಂದ ಇಸಿಲದ ಮಹಾಮಾತ್ರರಿಗೆ ಬಂದದ್ದು. ಆಜ್ಞೆ ಶುರುವಾಗುವ ಮೊದಲು ಅವರ ಆರೋಗ್ಯ ವಿಚಾರಿಸಲಾಗಿದೆ. ಕೊನೆಯಲ್ಲಿ ಬರೆದವನ ರುಜು ಇದೆ, ಹೆಸರು ಚಪಡ. ಲಿಪಿಕಾರ ಎಂಬುದನ್ನು ಮಾತ್ರ ಅವನು ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬರೆದ. ಗಾಂಧಾರದ ಕಡೆಯ ಅಕ್ಷರ ಬಲ್ಲ ಒಬ್ಬ ಗುಮಾಸ್ತ ಚಿತ್ರದುರ್ಗ ಸೀಮೆಯ ಬಂಡೆಯ ಮುಂದೆ ಕೂತು ದೊರೆಯ ಮಾತು ಬರೆಯುತ್ತಿದ್ದ. ಸಾಮ್ರಾಜ್ಯದ ಮೌಲ್ಯಗಳು ನಡೆದು ಬಂದದ್ದು ಇಂಥವರ ಕಾಲಿನಿಂದ. ಸನ್ನತಿಯ ಮೇಲೂ ಇರುವ 14ನೆಯ ಶಾಸನದಲ್ಲಿ ರಾಜ ಇದನ್ನು ಒಪ್ಪಿಕೊಳ್ಳುತ್ತಾನೆ. ಕೆಲವು ಕಡೆ ಸಂಕ್ಷೇಪವಾಗಿ, ಕೆಲವು ಕಡೆ ವಿಸ್ತಾರವಾಗಿ ಬರೆಸಿದ್ದೇನೆ, ಎಲ್ಲವೂ ಎಲ್ಲ ಕಡೆಗೂ ಹೊಂದುವುದಿಲ್ಲ, ಎಲ್ಲಿಯಾದರೂ ಅಪೂರ್ಣವಾಗಿದ್ದರೆ ಅದು ಸ್ಥಳದ ಕಾರಣಕ್ಕೋ ಲಿಪಿಕಾರನ ತಪ್ಪಿಗೋ ಆಗಿರುತ್ತದೆ ಎಂಬ ಅರ್ಥದ ಮಾತು ಅಲ್ಲಿದೆ.

ಹೇಳುವವನ ಅಡುಗೆಮನೆಯ ಲೆಕ್ಕ ಇಲ್ಲದಿದ್ದರೆ ಇಷ್ಟೆಲ್ಲ ಪೊಳ್ಳಾಗುತ್ತಿತ್ತು. ಮಾಲಿಕೆಯ ಮೊದಲ ಶಾಸನದಲ್ಲೇ ಆ ಲೆಕ್ಕವಿದೆ. ಮೊದಲು ಅರಮನೆಯ ಅಡುಗೆಗೆ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳ ವಧೆಯಾಗುತ್ತಿತ್ತಂತೆ. ಈಗ ಮೂರೇ ಆಗುತ್ತದೆ: ಎರಡು ನವಿಲು, ಒಂದು ಜಿಂಕೆ. ಜಿಂಕೆಯೂ ದಿನಾ ಅಲ್ಲ. ಮುಂದೆ ಈ ಮೂರೂ ಇರುವುದಿಲ್ಲ. ಹಿಂಸೆ ನಿಲ್ಲಿಸಿಬಿಟ್ಟೆ ಎಂದು ಅವನು ಹೇಳಿಕೊಳ್ಳಲಿಲ್ಲ. ಇನ್ನೂ ಉಳಿದಿರುವುದನ್ನು ಎಣಿಸಿ ತೋರಿಸಿದ. ಆರನೆಯ ಶಾಸನದಲ್ಲಿ, ಊಟಕ್ಕೆ ಕೂತಿದ್ದರೂ ಅಂತಃಪುರದಲ್ಲಿದ್ದರೂ ಪ್ರಜೆಗಳ ಕೆಲಸದ ಸುದ್ದಿಯನ್ನು ನನಗೆ ಮುಟ್ಟಿಸಬಹುದು ಎಂದು ವರದಿಗಾರರಿಗೆ ಬಾಗಿಲು ತೆರೆದ. ನನ್ನ ದುಡಿಮೆ ಎಲ್ಲ ಜೀವಿಗಳ ಋಣ ತೀರಿಸುವುದಕ್ಕೆ ಎಂದು ಅಲ್ಲಿ ತನ್ನ ಬಗ್ಗೆ ಹೇಳಿಕೊಂಡವನು, ಪ್ರತ್ಯೇಕ ಶಾಸನದಲ್ಲಿ ಅಧಿಕಾರಿಗಳಿಗೆ ನೀವು ಸರಿಯಾಗಿ ನಡೆದುಕೊಂಡರೆ ನನ್ನ ಕಡೆಗಿನ ನಿಮ್ಮ ಋಣ ತೀರುತ್ತದೆ ಎನ್ನುತ್ತಾನೆ. ತನ್ನ ಮೇಲಿನ ಹೊರೆಯನ್ನು ಮೊದಲು ಹೇಳಿಕೊಂಡ ಮೇಲೆಯೇ ಅವರ ಮೇಲಿನದನ್ನು ನೆನಪಿಸಿದ.

ಇದು ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಅಶೋಕನ ನಂತರ ಅರ್ಧ ಶತಮಾನದೊಳಗೆ ಮೌರ್ಯರ ಆಳ್ವಿಕೆ ಮುಗಿಯಿತು. ಪುಷ್ಯದ ದಿನ ಓದುವವರು ಇಲ್ಲವಾದರು, ಕ್ರಮೇಣ ಲಿಪಿಯೇ ಮರೆತುಹೋಯಿತು. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಅಶೋಕನ ಕಂಬಗಳನ್ನು ದಿಲ್ಲಿಗೆ ಸಾಗಿಸಿದಾಗ ಅವನ್ನು ಓದಬಲ್ಲವರು ಒಬ್ಬರೂ ಸಿಗಲಿಲ್ಲ. ಬ್ರಾಹ್ಮಿಯನ್ನು ಮತ್ತೆ ಓದಲು ಸಾಧ್ಯವಾದದ್ದು 1837ರಲ್ಲಿ, ಜೇಮ್ಸ್ ಪ್ರಿನ್ಸೆಪ್‌ನಿಂದ. ಅಷ್ಟರಲ್ಲಿ ಸನ್ನತಿಯ ಚಪ್ಪಡಿ ಪೀಠವಾಗಿ ಕೂತು ಬಹಳ ಕಾಲವಾಗಿತ್ತು. ಕುಳಿ ಕೊರೆದ ಶಿಲ್ಪಿಯನ್ನು ದೂರುವಂತಿಲ್ಲ, ಅವನಿಗದು ಗಟ್ಟಿಯಾದ, ಸಮತಟ್ಟಾದ ಒಳ್ಳೆಯ ಕಲ್ಲು. ಆದರೂ ಜನರ ನೆನಪಿನಲ್ಲಿ ದೊರೆ ಸ್ವಲ್ಪ ಕಾಲ ಉಳಿದಿದ್ದ. ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ಸಿಕ್ಕ ಒಂದು ಶಿಲಾಫಲಕದಲ್ಲಿ ರಾಣಿಯೊಂದಿಗೆ, ಪರಿಚಾರಕಿಯರೊಂದಿಗೆ ನಿಂತ ರಾಜನ ಶಿಲ್ಪವಿದೆ, ಮೇಲೆ ‘ರಾಯ ಅಸೋಕ’ ಎಂದು ಹೆಸರು ಕೆತ್ತಿದೆ. ಅದು ಅವನ ಕಾಲದ್ದಲ್ಲ, ಶಾತವಾಹನರ ಕಾಲದ್ದು. ತಲೆಮಾರುಗಳು ಕಳೆದರೂ ಭೀಮಾ ತೀರದವರು ಅವನನ್ನು ಹೆಸರಿಟ್ಟು ಕೆತ್ತಿದರು.

ನಮ್ಮ ಕಾಲದಲ್ಲೂ ಕಲ್ಲಿನ ಮೇಲೆ ಬರೆದದ್ದಿದೆ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧದ ಮುಖದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತಿದೆ. ಅದನ್ನು ಬರೆಸಿದವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೇವರ್ಗಿಯ ರೈತ ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯ ಮುಂದೆ ನಿಂತಾಗ ಆ ಮಾತು ಕೈಗೆ ಸಿಗುವ ಸಾಧನವಾದದ್ದು 2011ರ ಸಕಾಲ ಕಾಯ್ದೆಯಿಂದ. 2012ರ ಮಾರ್ಚಿನಲ್ಲಿ ಔರಾದ್ ಸೇರಿ ನಾಲ್ಕು ತಾಲ್ಲೂಕುಗಳಲ್ಲಿ ಪ್ರಯೋಗ ಮಾಡಿ, ಏಪ್ರಿಲ್‌ನಲ್ಲಿ ರಾಜ್ಯದ ತುಂಬ ಜಾರಿಗೆ ತಂದರು. ಅರ್ಜಿ ಕೊಟ್ಟವನಿಗೆ ಸಂಖ್ಯೆ ಇರುವ ಸ್ವೀಕೃತಿ ಸಿಗುತ್ತದೆ, ಕೆಲಸಕ್ಕೆ ದಿನ ಗೊತ್ತಾಗಿರುತ್ತದೆ, ಹೊಣೆ ಯಾರದು ಎಂದು ಬರೆದಿರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಅರ್ಜಿದಾರನಿಗೆ, ಹೊಣೆ ಹೊತ್ತ ಅಧಿಕಾರಿಯ ಕಡೆಯಿಂದ. ಮೊತ್ತ ದೊಡ್ಡದಲ್ಲ. ಸೋಮಾರಿತನಕ್ಕೆ ಹೆಸರು ಮತ್ತು ತಾರೀಖು ಬಿದ್ದದ್ದು ದೊಡ್ಡದು. ಏಳು ದೋಷಗಳಲ್ಲಿ ಒಂದಕ್ಕಾದರೂ ನಮ್ಮ ವ್ಯವಸ್ಥೆ ನೇರವಾಗಿ ಕೈ ಹಾಕಿತು. ಸಿಡುಕಿಗೆ, ಕಠೋರತನಕ್ಕೆ ಇನ್ನೂ ಅಂಥ ಸ್ವೀಕೃತಿ ಚೀಟಿ ಬಂದಿಲ್ಲ. ಬೇಗ ಮುಗಿಸುವ ಒತ್ತಡದಲ್ಲಿ ಅರ್ಜಿಯನ್ನು ಓದದೆ ತಿರಸ್ಕರಿಸಿದರೆ ಅದು ಆತುರದ ಖಾತೆಗೆ ಸೇರುತ್ತದೆ, ಅದನ್ನು ನೋಡಲು ಒರಟನಲ್ಲದ ತಪಾಸಣಾಧಿಕಾರಿ ಬೇಕಾಗುತ್ತದೆ. ಸಂಸ್ಥೆ ನಡೆಸುವ ಯಾರೇ ಆಗಲಿ, ದಾಲ್ ಮಿಲ್ಲಿನ ಮಾಲೀಕರಾಗಲಿ ಆಸ್ಪತ್ರೆಯ ಆಡಳಿತಗಾರರಾಗಲಿ, ತಮ್ಮ ಕೆಲಸದ ಜಾಗದಲ್ಲಿ ಈ ಏಳರಲ್ಲಿ ಯಾವುದು ಎಷ್ಟು ಹೊತ್ತಿಗೆ, ಯಾವ ಮೇಜಿನ ಮುಂದೆ ಕಾಣಿಸಿಕೊಳ್ಳುತ್ತದೆ ಎಂದು ಒಂದು ವಾರ ಗಮನಿಸಿ ಬರೆದಿಟ್ಟುಕೊಳ್ಳಲಿ. ಮೌಲ್ಯಗಳ ಪಟ್ಟಿಯನ್ನು ಆಮೇಲೆ ಬರೆಯಬಹುದು.

ಸನ್ನತಿಯ ಕತೆ ಇನ್ನೂ ಮುಗಿದಿಲ್ಲ. ಸಿಕ್ಕಿದ್ದು 12, 14 ಮತ್ತು ಎರಡು ಪ್ರತ್ಯೇಕ ಶಾಸನಗಳಿರುವ ಒಂದು ಚಪ್ಪಡಿ. ಮಾಲಿಕೆಯ ಆರಂಭದ ಶಾಸನಗಳನ್ನು ಕೆತ್ತಿಸದೆ ಬಿಟ್ಟಿರಲಾರರು. ಅಡುಗೆಮನೆಯ ಲೆಕ್ಕ, ವರದಿಗಾರರಿಗೆ ತೆರೆದ ಬಾಗಿಲು ಬೇರೆ ಚಪ್ಪಡಿಗಳ ಮೇಲೆ ಇದ್ದಿರಬೇಕು. ಅವು ಎಲ್ಲಿವೆ? ಸನ್ನತಿಯ ರಣಮಂಡಲ ಎಂಬ ಕೋಟೆಯ ಆವರಣದಲ್ಲಿ ಅಗೆದದ್ದು ಸ್ವಲ್ಪ, ಅಗೆಯದೇ ಉಳಿದದ್ದು ಬಹಳ. ಒಳ್ಳೆಯ ಕಲ್ಲು ಒಂದೇ ಊರಲ್ಲಿ ನಿಲ್ಲುವುದಿಲ್ಲ. ಅದು ಬಂಡಿಯ ಮೇಲೆ ಗುಡಿಗೆ, ಬಾವಿಗೆ, ಅಗಸೆಗೆ, ಹೊಳೆಯ ಮೆಟ್ಟಿಲಿಗೆ ಹೋಗುತ್ತದೆ. ಭೀಮೆಯ ಎರಡೂ ದಡದ ಹಳ್ಳಿಗಳಲ್ಲಿ ಹಳೆಯ ಗುಡಿಗಳ ಜೀರ್ಣೋದ್ಧಾರ ನಡೆಯುತ್ತಲೇ ಇರುತ್ತದೆ, ಹಳೆಯ ಚಪ್ಪಡಿ ಕಿತ್ತು ಗ್ರಾನೈಟ್ ಹಾಸುತ್ತಾರೆ. ಜೇವರ್ಗಿ, ಅಫಜಲಪುರ, ಚಿತ್ತಾಪುರದ ದೇವಸ್ಥಾನ ಸಮಿತಿಯವರಲ್ಲಿ ಒಂದೇ ಕೋರಿಕೆ. ಕಿತ್ತ ಕಲ್ಲನ್ನು ಗಾರೆಗೆ ಹಾಕುವ ಮೊದಲು ಮಗುಚಿ ಕೆಳಗಿನ ಮೈಯನ್ನು ನೀರು ಹಾಕಿ ತೊಳೆಯಿರಿ. ಗೀಚಿದಂತೆ ಸಣ್ಣ ಗೆರೆಗಳು ಕಂಡರೆ ಕೆಲಸ ನಿಲ್ಲಿಸಿ, ಕಲಬುರಗಿಯ ಪುರಾತತ್ವ ಇಲಾಖೆಗೆ ಒಂದು ಮಾತು ತಿಳಿಸಿ.